ಕೇಕಿಗೆ ತಂದ ರಮ್

ಬಾಟಲಿಯನ್ನು ಅಕ್ಕಿಯ ಡಬ್ಬದ ಪಕ್ಕದಲ್ಲಿಟ್ಟೆನೋ ಕಪಾಟಿನೊಳಗಿಟ್ಟೆನೋ ಎಂದು ಮ್ಯಾಥ್ಯೂ ಬೆಳಗಿನಿಂದ ತನ್ನನ್ನೇ ಕೇಳಿಕೊಳ್ಳುತ್ತಿದ್ದ. ಎಲ್ಲಿಟ್ಟಿದ್ದೇನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಕ್ಕಿಯ ಡಬ್ಬದ ಪಕ್ಕದಲ್ಲಿ, ಲೇಬಲ್ಲು ಈಚೆಗೆ ಕಾಣುವ ಹಾಗೆ, ತಾಯಿ ಚಹಾಕ್ಕೆ ನೀರಿಡಲು ಬಂದರೆ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿ. ಮರೆತವನಂತೆ ನಟಿಸಬೇಕಾದರೆ ನೋಡುವವರೊಬ್ಬರಾದರೂ ಇರಬೇಕು. ಲಂಡನ್ನಿನ ಹೀಥ್ರೋ ವಿಮಾನ ನಿಲ್ದಾಣದ ಈ ಕಾರ್ಗೋ ಶೆಡ್ಡಿನಲ್ಲಿ, ಕೀನ್ಯಾದಿಂದ ಬಂದಿಳಿದ ಗುಲಾಬಿಯ ಪೆಟ್ಟಿಗೆಗಳ ನಡುವೆ, ಅವನ ಮನಸ್ಸಿನೊಳಗೆ ಇಣುಕಿ ನೋಡುವ ಪುರುಸೊತ್ತು ಯಾರಿಗಿತ್ತು? ಆದರೂ ನಟಿಸುತ್ತಿದ್ದ. ಅವತ್ತು ಶನಿವಾರ. ಹೆಂಡತಿ ಶರಲ್ ಆಸ್ಪತ್ರೆಯಲ್ಲಿ ನರ್ಸ್, ಬೆಳಗಿನ ಶಿಫ್ಟಿನಲ್ಲಿದ್ದಳು. ಮಗಳು ವೆನಿಶಾ ಗೆಳತಿಯ ಮನೆಯಲ್ಲಿದ್ದಳು. ಹೇಸ್‌ನ ಬಾಡಿಗೆ ಮನೆಯಲ್ಲಿ ಅವನ ತಾಯಿ ವ್ಯಾಲೆಂಟೀನಾ ಒಬ್ಬಳೇ, ಅವಳ ಜೊತೆಗೆ ಆ ರಮ್ಮಿನ ಬಾಟಲಿ. ಆರು ವರ್ಷದಿಂದ ಅವಳು ಒಂದು ತೊಟ್ಟು ಮುಟ್ಟಿರಲಿಲ್ಲ. ಇವತ್ತು ಮುಟ್ಟುತ್ತಾಳೋ ಇಲ್ಲವೋ ಎಂಬುದೊಂದೇ ಅವನ ತಲೆಯಲ್ಲಿತ್ತು. ಮುಟ್ಟಲಿ ಎಂದೇ ತಾನು ಬಯಸುತ್ತಿದ್ದೇನೆ ಎಂಬುದು ಚಹಾದ ಬ್ರೇಕಿನ ಹೊತ್ತಿಗೆ ಅವನಿಗೆ ಸ್ಪಷ್ಟವಾಯಿತು. ಕಪ್ಪನ್ನು ಅರ್ಧಕ್ಕೇ ಬಿಟ್ಟು ಪೆಟ್ಟಿಗೆಗಳ ಕಡೆ ಹೋದ.

ಬಾಟಲಿ ಮನೆಯಲ್ಲಿ ಬೇಡವೆಂದು ತಾಯಿಯೇ ಕೇಳಿಕೊಂಡಿದ್ದಳಲ್ಲ, ಅದು ಮರೆಯುವಂತಿರಲಿಲ್ಲ. ಕ್ರಿಸ್ಮಸ್ಸಿನ ಕುಸ್ವಾರಿಗೆ, ಎಂದರೆ ಹಬ್ಬಕ್ಕೆ ಮಾಡಿ ನೆರೆಕರೆಗೆ ಹಂಚುವ ತಿಂಡಿಗಳಿಗೆ, ಶರಲ್ ಆಗಲೇ ತಯಾರಿ ಶುರು ಮಾಡಿದ್ದಳು. ಒಣದ್ರಾಕ್ಷಿ, ಚೆರಿ, ಕಿತ್ತಳೆ ಸಿಪ್ಪೆ ಎಲ್ಲ ಹೆಚ್ಚಿ ದೊಡ್ಡ ಸ್ಟೀಲಿನ ಪಾತ್ರೆಯಲ್ಲಿ ತುಂಬಿಟ್ಟಿದ್ದಳು. ಊರಿನಲ್ಲಾದರೆ ಕೇಕಿನ ಹಣ್ಣು ಇಷ್ಟು ಹೊತ್ತಿಗೆ ರಮ್ಮಿನಲ್ಲಿ ನೆನೆಯುತ್ತಿರಬೇಕು. ಬೆಳಿಗ್ಗೆ ಅವನು ಬಾಟಲಿ ತಂದು ಮೇಜಿನ ಮೇಲಿಟ್ಟಾಗ ತಾಯಿ ಪಾವ್ ಮುರಿಯುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು.

"ಪುತಾ, ಅದನ್ನು ನಿನ್ನ ಗಾಡಿಯಲ್ಲಿಡು. ಸಂಜೆ ಬೇಕಾದಾಗ ತಂದರೆ ಆಯ್ತಲ್ಲ."

"ಗಾಡಿಯಲ್ಲಿ ಯಾಕೆ ಮಾಂಯ್? ಇಲ್ಲೇ ಇರಲಿ."

"ಇಲ್ಲಿ ಬೇಡ ಅಂತ."

ಶೂ ಕಟ್ಟುತ್ತಿದ್ದ ಶರಲ್ ನಕ್ಕಳು. "ಅದೆಂತ ಬಾಂಬಾ ಮಾಂಯ್? ಇರಲಿ ಬಿಡಿ. ಮಧ್ಯಾಹ್ನ ಪುರುಸೊತ್ತಾದ್ರೆ ನೀವೇ ಹಣ್ಣಿಗೆ ಹಾಕಿಬಿಡಿ. ನಿಮಗೆ ಹದ ಗೊತ್ತಿರ್ತದೆ."

ತಾಯಿ ಮಗನ ಮುಖವನ್ನು ನೋಡಿದಳು. ಅವನು ಕಾರಿನ ಕೀಯನ್ನು ನೋಡಿದ. ಸೊಸೆಯ ಎದುರು, ಮೊಮ್ಮಗಳ ಎದುರು ಅದಕ್ಕಿಂತ ಬಿಡಿಸಿ ಹೇಳಲು ಅವಳಿಂದಾಗದು ಎಂದು ಅವನಿಗೆ ತಿಳಿದಿತ್ತು, ಅದರ ಮೇಲೆಯೇ ಅವನು ಭಾರ ಹಾಕಿದ್ದು. ಅಂಥ ನೋಟವನ್ನು ಅವನೂ ಒಂದು ಕಾಲದಲ್ಲಿ ಬಳಸಿದ್ದ. ಶಾಲೆಯ ವಾರ್ಷಿಕೋತ್ಸವದ ದಿನ, ಸೀರೆ ಉಟ್ಟು ಹೊರಟ ತಾಯಿ ಹೊಲಿಗೆ ಮೆಷಿನಿನ ಹಿಂದೆ ಬಚ್ಚಿಟ್ಟಿದ್ದ ಬಾಟಲಿಗೆ ಕೈ ಹಾಕಿದಾಗ, ಇವತ್ತೊಂದು ದಿನ ಬೇಡ ಎಂದು ಬಾಯಿಬಿಟ್ಟು ಹೇಳಲಾರದೆ ಅವಳ ಮುಖವನ್ನೇ ನೋಡುತ್ತ ನಿಂತಿದ್ದ. ಆಗ ಅವಳು ಅರ್ಥವಾಗದವಳ ಹಾಗೆ ಮಾಡಿದ್ದಳು. ಅವತ್ತು ಸಭೆಯಲ್ಲಿ ಅವನಿಗೆ ಬಹುಮಾನ ಕೊಡುವಾಗ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಹಾಡತೊಡಗಿದಳು, ಎಲ್ಲರೂ ತಿರುಗಿ ನೋಡಿದರು, ಫಾದರ್ ಮೈಕಿಗೆ ಕೈ ಅಡ್ಡ ಹಿಡಿದರು. ಅದು ಯಾರೆಂದು ಗೊತ್ತಿಲ್ಲದವನ ಹಾಗೆ ಅವನೂ ತಿರುಗಿ ನೋಡಿದ್ದ. ಲೆಕ್ಕ ಚುಕ್ತಾ ಆಯಿತೆಂದು ಈಗ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಎಲ್ಲ ಶುರುವಾದದ್ದು ಹೋದ ಭಾನುವಾರ, ಪೂಜೆ ಮುಗಿದ ಮೇಲೆ ಚರ್ಚಿನ ಹಾಲ್‌ನಲ್ಲಿ ಚಹಾ ಕುಡಿಯುವಾಗ. ಊರಿನ ಹೆಂಗಸರು ನಾಲ್ಕೈದು ಮಂದಿ ತಾಯಿಯ ಸುತ್ತ ಕೂತಿದ್ದರು. ಸೆಪ್ಟೆಂಬರಿನಲ್ಲಿ ಲಂಡನ್ನಿಗೆ ಬಂದಂದಿನಿಂದ ಅವಳು ಅವರಿಗೆಲ್ಲ ಅಚ್ಚುಮೆಚ್ಚು; ಬ್ಲೌಸಿನ ಅಳತೆಯಿಂದ ಹಿಡಿದು ಮೀನಿನ ಮಸಾಲೆಯವರೆಗೆ ಅವಳ ಮಾತೇ ಕೊನೆಯದು. "ಇವನ ಅಪ್ಪ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿಕೊಂಡು ತಿರುಗಿದ್ದು, ಮನೆಗೆ ಬಂದದ್ದು ಸಾಯ್ಲಿಕ್ಕೆ ಮಾತ್ರ," ಎನ್ನುತ್ತಿದ್ದಳು. "ಅವರ ಕುಡಿತದಲ್ಲಿ ಮನೆ ಹೋಯ್ತು. ನಾನು ಮೆಷಿನ್ ತುಳಿದು ಇವನನ್ನು ಸಾಕಿದೆ. ಒಂದು ದಿನ ಹಸಿದು ಮಲಗಿಸ್ಲಿಲ್ಲ." ಒಬ್ಬಾಕೆ ಕಣ್ಣೊರೆಸಿಕೊಂಡಳು. ಶರಲ್ ಹೆಮ್ಮೆಯಿಂದ ಅತ್ತೆಯ ಭುಜ ಹಿಡಿದಳು. ಪೂರ್ತಿ ಸುಳ್ಳಾಗಿದ್ದರೆ ಅವನು ಎದ್ದು ಹೋಗುತ್ತಿದ್ದ. ಅರ್ಧ ಸತ್ಯವಾದ್ದರಿಂದ ಕೈಯಲ್ಲಿ ಬಿಸ್ಕೆಟ್ ಹಿಡಿದುಕೊಂಡು ನಿಂತೇ ಇದ್ದ. ಮನೆಗೆ ಬಂದ ಮೇಲೆ, ಮದುವೆಯಾಗಿ ಹತ್ತು ವರ್ಷದಲ್ಲಿ ಮೊದಲ ಸಲ, ಹೆಂಡತಿಗೆ ನೇರವಾಗಿ ಹೇಳಿದ: "ಅವಳೂ ಕುಡಿತಿದ್ದಳು, ಶರಲ್. ಅಪ್ಪನಿಗಿಂತ ಜಾಸ್ತಿ." ಶರಲ್ ಕೋಟು ಕಳಚಿ ಗೂಟಕ್ಕೆ ಹಾಕಿದಳು. "ಗಂಡ ಹಾಗಿದ್ದಾಗ ಹೆಂಗಸು ಒಂದು ಪೆಗ್ ತೆಗೊಂಡಿದ್ರೆ ಅದೆಂತ ದೊಡ್ಡ ವಿಷಯ? ಹಬ್ಬಕ್ಕೆ ನನ್ನ ಅಜ್ಜಿಯೂ ತೆಗೊಳ್ತಿದ್ರು. ಪಾಪ, ಈ ಪ್ರಾಯದಲ್ಲಿ ಅವರ ಮೇಲೆ ಇದನ್ನೆಲ್ಲ ಇಟ್ಕೊಂಡು ಕೂತಿದ್ದಿಯಲ್ಲ ನೀನು." ಅವಳ ದನಿಯಲ್ಲಿ ಬೈಗುಳವಿರಲಿಲ್ಲ, ಕರುಣೆಯಿತ್ತು, ಅದು ತಾಯಿಯ ಪಾಲಿನದಾಗಿತ್ತು. ಮರುದಿನ ಸಂಜೆ ಅವನು ಮೂಲೆಯ ಆಫ್-ಲೈಸನ್ಸ್ ಮದ್ಯದಂಗಡಿಗೆ ಹೋಗಿ ಬಾಟಲಿ ಕೊಂಡು ಕಾರಿನ ಡಿಕ್ಕಿಯಲ್ಲಿಟ್ಟ.

ಒಂದು ಪೆಗ್. ಹನ್ನೆರಡು ವರ್ಷದವನ ಕೈಯಲ್ಲಿ ಬಿಳಿ ಸ್ಯಾಟಿನ್ ಬಟ್ಟೆ ಎಷ್ಟು ಜಾರುತ್ತದೆ ಎಂದು ಶರಲ್‌ಗೆ ಹೇಗೆ ಹೇಳುವುದು? ಮದುವೆಯ ದಿನ ಬೆಳಕು ಹರಿಯುವ ಮೊದಲು ಮದುಮಗಳ ಮನೆಯವರು ಗೌನ್ ಒಯ್ಯಲು ಬರುವವರಿದ್ದರು. ಗೌನಿಗೆ ಹುಕ್ಕು ಹೊಲಿದಿರಲಿಲ್ಲ, ಅಂಚು ಮಡಚಿರಲಿಲ್ಲ, ತಾಯಿ ಮೆಷಿನಿನ ಕೆಳಗೆ ಪೆಡಲ್‌ಗೆ ಕೆನ್ನೆಯಿಟ್ಟು ಮಲಗಿದ್ದಳು. ಅವನು ಮೊದಲು ಅವಳ ಕೂದಲನ್ನು ಮೇಲಕ್ಕೆತ್ತಿ ಕಟ್ಟಿದ. ಕೂದಲು ಕಟ್ಟದೆ ಬೇರೆ ಏನು ಮಾಡಿದರೂ ವಾಂತಿಯಾದ ಮೇಲೆ ಎರಡು ಪಟ್ಟು ಕೆಲಸ ಎಂದು ಅನುಭವದಿಂದ ಕಲಿತಿದ್ದ. ಮಗ್ಗುಲಿಗೆ ಹೊರಳಿಸಿ ಬೆನ್ನಿಗೆ ದಿಂಬು ಕೊಟ್ಟ. ಆಮೇಲೆ ಕೈ ತೊಳೆದುಕೊಂಡು ದೀಪದ ಹತ್ತಿರ ಕೂತು ಹುಕ್ಕು ಹೊಲಿದ. ಬೆರಳಿಗೆ ಸೂಜಿ ಚುಚ್ಚಿದಾಗೆಲ್ಲ ರಕ್ತ ಬಟ್ಟೆಗೆ ತಾಗದಂತೆ ಬಾಯಲ್ಲಿಟ್ಟುಕೊಳ್ಳುತ್ತಿದ್ದ. ಬಂದವರಿಗೆ, ಮಾಂಯ್‌ಗೆ ಜ್ವರ, ಮಲಗಿದ್ದಾಳೆ ಎಂದ. ಮದುಮಗಳ ತಾಯಿ ಗೌನನ್ನು ಬೆಳಕಿಗೆ ಹಿಡಿದು ನೋಡಿ, ನಿನ್ನ ತಾಯಿಯ ಕೈ ಕೈಯೇ ಎಂದು ಹೊಗಳಿ ಅವನ ಕೆನ್ನೆ ತಟ್ಟಿದಳು. ಅವತ್ತಿನಷ್ಟು ಸಂತೋಷ ಅವನಿಗೆ ಮತ್ತೆ ಯಾವತ್ತಾದರೂ ಆಗಿತ್ತೇ? ಯಾರಿಗೂ ಏನೂ ತಿಳಿಯಲಿಲ್ಲ, ಎಲ್ಲ ನಡೆದುಹೋಯಿತು, ನಡೆಸಿದವನು ತಾನು.

ಈಗಲೂ ಎಲ್ಲವನ್ನೂ ನಡೆಸುವವನು ಅವನೇ. ಶೆಡ್ಡಿನಲ್ಲಿ ಯಾರು ಬರದಿದ್ದರೂ ಮ್ಯಾಥ್ಯೂ ಬರುತ್ತಾನೆ. ಪಾರ್ಟಿಗಳಲ್ಲಿ ಕುಡಿದವರನ್ನೆಲ್ಲ ಹೌನ್ಸ್ಲೋ, ಫೆಲ್ಥಮ್ ಎಂದು ಸುತ್ತಿ ಮನೆಮನೆಗೆ ಬಿಡುವವನು ಮ್ಯಾಥ್ಯೂ. ಮನೆಯಲ್ಲಿ ಮದ್ಯದ ಒಂದು ಹನಿ ಇಲ್ಲ. ಶರಲ್ ವರ್ಷವರ್ಷವೂ ಕೇಕಿನ ಹಣ್ಣನ್ನು ಕಿತ್ತಳೆ ರಸದಲ್ಲಿ ನೆನೆಸುತ್ತಿದ್ದಳು, ಊರವರು ಅದಕ್ಕೆ ಮ್ಯಾಥ್ಯೂನ ಜ್ಯೂಸ್ ಕೇಕ್ ಎಂದು ಹೆಸರಿಟ್ಟು ತಮಾಷೆ ಮಾಡುತ್ತಿದ್ದರು. ಹೊಟ್ಟೆಯಲ್ಲಿದ್ದ ಎರಡನೆಯ ಮಗು ಹೋದಾಗ ಅವನು ಜಿಪಿ ಡಾಕ್ಟರಿಗೆ ಫೋನು ಮಾಡಿದ, ಚಾದರ ಒಗೆದು ಹಾಕಿದ, ಗಂಜಿ ಕಾಯಿಸಿದ, ವೆನಿಶಾಳನ್ನು ಶಾಲೆಗೆ ಬಿಟ್ಟು ಬಂದ, ಬಚ್ಚಲಿನಲ್ಲಿ ಶರಲ್ ಅಳುತ್ತಿದ್ದರೆ ಬಾಗಿಲ ಹೊರಗೆ ಒಣಗಿದ ಟವೆಲ್ ಹಿಡಿದುಕೊಂಡು ನಿಂತ. ಒಳಗೆ ಬಾ ಎಂದಳು. ಟವೆಲನ್ನು ಮಾತ್ರ ಒಳಗೆ ಚಾಚಿದ. ಅವಳು ಖುಷಿಯಾಗಿ ಜೋರಾಗಿ ನಕ್ಕರೆ ಅವನು ಮುಂದೇನು ಎಂದು ಕಾಯುತ್ತಾನೆ. ಕುಡಿದು ಬಂದವರು ತಡಕಾಡುವ ಹಾಗೆ ಕೀಯ ಸದ್ದು ಬಾಗಿಲಲ್ಲಿ ಎರಡು ಸಲ ಆದರೆ ಎದ್ದು ನಿಲ್ಲುತ್ತಾನೆ. "ನಿನ್ನ ಜೊತೆ ಬದುಕುವುದು ಅಂದ್ರೆ ಆಸ್ಪತ್ರೆಯ ವೇಟಿಂಗ್ ರೂಮಿನಲ್ಲಿ ಕೂತ ಹಾಗೆ," ಎಂದು ಅವಳೊಮ್ಮೆ ಹೇಳಿದ್ದಳು. "ಎಲ್ಲ ಕ್ಲೀನ್ ಉಂಟು, ಯಾರೂ ನಗುವುದಿಲ್ಲ." ಹಾಗಾಗಿ ಈ ಸಲ ರಮ್ ಹಾಕಿಯೇ ಕೇಕ್ ಮಾಡುವ ಎಂದು ನಿನ್ನೆ ರಾತ್ರಿ ಅವನು ಹೇಳಿದಾಗ ಶರಲ್ ಅವನನ್ನು ದಿಟ್ಟಿಸಿ ನೋಡಿ, ಹಣೆಗೆ ಮುತ್ತು ಕೊಟ್ಟಳು. "ಮಾಂಯ್ ಬಂದದ್ದು ನಿನಗೂ ಒಳ್ಳೆದಾಯ್ತು," ಎಂದಳು. ಅವನಿಗೆ ಅಳು ಬಂದಿತ್ತು. ಆಗಲಾದರೂ ಹೇಳಬಹುದಿತ್ತು.

ತಾಯಿ ಬಂದ ಮೇಲೆ ಮನೆಯಲ್ಲಿ ಸಂಜೆಯ ತೇರ್ಸ್ ಪ್ರಾರ್ಥನೆ ಮತ್ತೆ ಶುರುವಾಗಿತ್ತು. ಜಪಮಾಲೆ ಮುಗಿದ ಮೇಲೆ ಊರಿನ ಕ್ರಮದಂತೆ ಕಿರಿಯರು ಹಿರಿಯರ ಎದುರು ಕೈ ಮುಗಿದು ಬೆಸಾಂವ್ ಕೇಳಬೇಕು, ಆಶೀರ್ವಾದ. ವೆನಿಶಾ ಇಂಗ್ಲಿಷಿನಲ್ಲಿ ಗೊಣಗುತ್ತ ಕೇಳುತ್ತಿದ್ದಳು. ಅವನೂ ಬಗ್ಗುತ್ತಿದ್ದ, ತಾಯಿ ಅವನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕುತ್ತಿದ್ದಳು, ಅವಳ ಉಸಿರು ಅವನ ಮುಖಕ್ಕೆ ತಾಗುತ್ತಿತ್ತು. ಚಿಕ್ಕವನಿದ್ದಾಗ ಅವನಿಗೆ ಬೆಸಾಂವ್ ಎಂದರೆ ಇದೇ ಆಗಿತ್ತು: ಆ ಒಂದು ಉಸಿರಿನಲ್ಲಿ ಇವತ್ತಿನ ರಾತ್ರಿ ಹೇಗೆ ಕಳೆಯುತ್ತದೆಂದು ತಿಳಿದುಕೊಳ್ಳುವುದು. ಈಗಲೂ ಅವನ ಮೂಗು ತನ್ನ ಕೆಲಸ ಮಾಡುತ್ತಿತ್ತು. ಟೂತ್‌ಪೇಸ್ಟ್, ವಿಕ್ಸ್, ಮತ್ತೇನಿಲ್ಲ. ಏನೂ ಇಲ್ಲವೆಂದು ತಿಳಿದು ನೆಮ್ಮದಿಯಾಗುವ ಬದಲು ಅವನಿಗೆ ಮೋಸಹೋದಂತಾಗುತ್ತಿತ್ತು. ಯಾವುದೋ ರಿಟ್ರೀಟಿಗೆ, ಚರ್ಚಿನವರ ಧ್ಯಾನಶಿಬಿರಕ್ಕೆ, ಹೋಗಿ ಬಂದು ಕುಡಿತ ಬಿಟ್ಟಳೆಂದು ಚಿಕ್ಕಮ್ಮ ಫೋನಿನಲ್ಲಿ ಹೇಳಿದಾಗಲೂ ಅವನಿಗೆ ಹೊಳೆದ ಮೊದಲ ಮಾತು, ಈಗ ಯಾಕೆ, ಎಂಬುದೇ. ಈ ಬಿಳಿಗೂದಲಿನ, ಮೊಮ್ಮಗಳ ಸ್ಕರ್ಟಿನ ಅಂಚು ಹೊಲಿದುಕೊಡುವ ಹೆಂಗಸು ಯಾರೋ ಬೇರೆಯವಳು. ಇವಳು ನಿಜವಾದರೆ ಮೆಷಿನಿನ ಕೆಳಗೆ ಮಲಗಿದ್ದವಳು ಸುಳ್ಳಾಗುತ್ತಾಳೆ, ದೀಪದ ಹತ್ತಿರ ಕೂತು ಹುಕ್ಕು ಹೊಲಿದವನೂ ಸುಳ್ಳಾಗುತ್ತಾನೆ.

"ಮ್ಯಾಥ್ಯೂ ಸಾರ್, ಮೈ ಹುಷಾರಿಲ್ವಾ?" ಎಂದು ಲಕ್ಷ್ಮೀಶ ಕೇಳಿದ. ಮೈಸೂರು ಕಡೆಯವನು, ಶೆಡ್ಡಿಗೆ ಹೊಸಬ. "ಅದೇ ಪ್ಯಾಲೆಟ್ ಎಷ್ಟು ಸಲ ನೋಡ್ತೀರಿ? ಮನೆಗೆ ಹೊರಡಿ, ನಾನು ನೋಡ್ಕೋತೀನಿ." ಬೇರೆ ದಿನವಾಗಿದ್ದರೆ ಇಲ್ಲ ಎನ್ನುತ್ತಿದ್ದ. ಇವತ್ತು ಜಾಕೆಟ್ ಹಾಕಿಕೊಂಡು ಹೊರಟ. ಕಾರಿನಲ್ಲಿ ಕೂತಾಗ, ಈಗ ಹೋಗಿ ಬಾಟಲಿ ತೆಗೆದಿಟ್ಟರೆ ಮುಗಿಯಿತು, ಏನೂ ಆಗಿಲ್ಲ ಎಂದು ನಿಜವಾಗಿಯೇ ಅಂದುಕೊಂಡಿದ್ದ. ದಾರಿಯುದ್ದಕ್ಕೂ ಅಂದುಕೊಳ್ಳುತ್ತಲೇ ಇದ್ದ. ಎರಡು ಸಾವಿರ ಇಸವಿಯನ್ನು ಎದುರುಗೊಳ್ಳಲು ಕೌನ್ಸಿಲಿನವರು ದೀಪಸ್ತಂಭಗಳಿಗೆ ಬಣ್ಣದ ಬಲ್ಬು ಕಟ್ಟುತ್ತಿದ್ದರು, ಏಣಿ ಅಡ್ಡವಾಗಿ ನಿಂತುಬಿಟ್ಟ ಬಸ್ಸೊಂದು ಬಹಳ ಹೊತ್ತು ಅಲುಗಾಡಲಿಲ್ಲ, ಅವನಿಗೆ ಅದರ ಮೇಲೆ ಸಿಟ್ಟು ಬಂತು. ಆದರೆ ತನ್ನ ರಸ್ತೆಗೆ ಬಂದಾಗ ಮನೆಯ ಮುಂದೆ ನಿಲ್ಲಿಸದೆ ರಸ್ತೆಯ ಕೊನೆಗೆ ಹೋಗಿ, ಕಸದ ತೊಟ್ಟಿಗಳ ಹಿಂದೆ ಕಾರು ನಿಲ್ಲಿಸಿ ಎಂಜಿನ್ ಆರಿಸಿದ.

ಅಲ್ಲಿಂದ ತನ್ನ ಮನೆಯ ಮುಂದಿನ ಕಿಟಕಿ ಕಾಣುತ್ತಿತ್ತು. ಸಾಲಾಗಿ ಒಂದೇ ತರಹದ ಮನೆಗಳು, ಒಂದೇ ತರಹದ ಬಾಗಿಲು, ತನ್ನದನ್ನು ಗುರುತು ಹಿಡಿಯಲು ಅವನಿಗೆ ಯಾವಾಗಲೂ ಒಂದು ಕ್ಷಣ ಬೇಕಾಗುತ್ತಿತ್ತು. ತಾಯಿ ಕಿಟಕಿಯ ಹತ್ತಿರ ಬಂದಳು. ಮೈಮೇಲೆ ಶರಲ್‌ಳ ಕಾರ್ಡಿಗನ್. ಅವಳು ರಸ್ತೆಯ ಆ ಕಡೆ ಈ ಕಡೆ ನೋಡಿದಳು, ಯಾರಾದರೂ ಬರುತ್ತಾರೋ ಎಂದು ನೋಡುವವರ ಹಾಗೆ. ಯಾರಾದರೂ ಬರಲಿ ಎಂದು ನೋಡುತ್ತಿದ್ದಾಳೆ ಎಂದು ಅವನಿಗೆ ಆಮೇಲೆ ಅನ್ನಿಸಿತು. ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮತ್ತೆ ಬಂದಳು, ಗಾಜಿಗೆ ಕೈಯಿಟ್ಟು ನಿಂತಳು. ಎದ್ದು ಹೋಗು ಎಂದು ಅವನು ತನಗೆ ಹೇಳಿಕೊಂಡ. ಸೀಟ್ ಬೆಲ್ಟನ್ನು ಬಿಚ್ಚಿಯೂ ಬಿಚ್ಚಿದ. ಕಾಲು ಇಳಿಸಲಿಲ್ಲ. ಚಿಕ್ಕವನಿದ್ದಾಗ ಶಾಲೆಯಿಂದ ಬರುವ ಓಣಿಯ ತಿರುವಿನಲ್ಲಿ ನಿಂತು ಮೆಷಿನಿನ ಸದ್ದು ಕೇಳುತ್ತದೋ ಎಂದು ಕಿವಿಗೊಡುತ್ತಿದ್ದ. ಕೇಳಿದರೆ ಹಸಿವಾಗುತ್ತಿತ್ತು, ಕೇಳದಿದ್ದರೆ ಹಸಿವು ಹೋಗಿಬಿಡುತ್ತಿತ್ತು. ಅವನ ಕೈಲಿ ಆಗ ಏನೂ ಇರಲಿಲ್ಲ. ಇವತ್ತು ಎಲ್ಲ ಇತ್ತು, ಇಳಿದು ನಾಲ್ಕು ಮನೆ ದಾಟಿದರೆ ಸಾಕಿತ್ತು. ದೇವರೇ, ಅವಳು ಮುಟ್ಟದಿರಲಿ ಎಂದು ಪ್ರಾರ್ಥಿಸಲು ಹೊರಟ. ಆ ಪ್ರಾರ್ಥನೆ ಅವನ ಬಾಯಿಗೆ ಬರಲಿಲ್ಲ. ಆಕಾಶ ಕಂದಿತು, ಪಕ್ಕದ ಮನೆಗಳಲ್ಲಿ ದೀಪಗಳು ಹೊತ್ತಿದವು. ತಾಯಿ ಮೂರನೆಯ ಸಲ ಬಂದು ಪರದೆ ಎಳೆದಳು. ಪರದೆ ಎಳೆದ ರೀತಿಯಿಂದಲೇ ಅವನಿಗೆ ತಿಳಿಯಿತು. ಆಗಲೂ ಹೋಗಬಹುದಿತ್ತು. ಅವನು ಅಲ್ಲೇ ಕೂತು, ಬಹಳ ವರ್ಷಗಳಿಂದ ಮೈಯಲ್ಲಿ ಬಿಗಿದಿದ್ದ ಯಾವುದೋ ಸಡಿಲವಾಗುವುದನ್ನು ಗಮನಿಸುತ್ತಿದ್ದ.

ಬಾಗಿಲು ತೆಗೆದಾಗ ವಾಸನೆ ಬಂತು. ಅಡುಗೆಮನೆಯಲ್ಲಿ ಅವಳು ಫ್ರಿಜ್ಜಿಗೆ ಒರಗಿ ನೆಲದ ಮೇಲೆ ಕೂತಿದ್ದಳು. ಹಣ್ಣಿನ ಪಾತ್ರೆಗೆ ರಮ್ ಹದವಾಗಿ ಸುರಿದು, ಕಲಸಿ, ಮೇಲೆ ತಟ್ಟೆ ಮುಚ್ಚಿ, ಚೆಲ್ಲಿದ್ದನ್ನು ಒರೆಸಿಟ್ಟಿದ್ದಳು. ಹೇಳಿದ ಕೆಲಸವನ್ನು ಮೊದಲು ಮುಗಿಸಿದ್ದಳು. ಉಳಿದದ್ದನ್ನು ಆಮೇಲೆ ಕುಡಿದಿದ್ದಳು. ಬಾಟಲಿಯಲ್ಲಿ ತಳಕ್ಕೆ ಒಂದಿಷ್ಟು ಇತ್ತು.

"ಬಂದಿಯಾ," ಎಂದಳು.

"ಬಂದೆ ಮಾಂಯ್."

"ನಾನು ಗಾಡಿಯಲ್ಲಿಡು ಅಂದಿದ್ದೆ."

"ಹೌದು."

"ನಿನಗೆ ಕೇಳಿತ್ತಾ?"

"ಕೇಳಿತ್ತು," ಎಂದ ಅವನು. ಅವಳು ತಲೆಯಾಡಿಸಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಒಬ್ಬರಿಗೊಬ್ಬರು ಗೊತ್ತಿರುವವರು ಮಾತ್ರ ಹೀಗೆ ತಲೆಯಾಡಿಸುತ್ತಾರೆ. ಆಮೇಲೆ ಅವಳ ಕಣ್ಣು ಮೇಲಕ್ಕೆ ಹೋಯಿತು. ಅವನು ಬಾಗಿ, ಅವಳ ಕಾರ್ಡಿಗನ್ನಿನ ಜೇಬಿನಲ್ಲಿದ್ದ ರಬ್ಬರ್ ಬ್ಯಾಂಡಿನಿಂದ ಕೂದಲನ್ನು ಮೇಲಕ್ಕೆತ್ತಿ ಕಟ್ಟಿದ. ಕೂದಲು ಎಷ್ಟು ಕಡಿಮೆಯಾಗಿತ್ತು. ಮಗ್ಗುಲಿಗೆ ಹೊರಳಿಸಿದ, ಬೆನ್ನಿಗೆ ಸೋಫಾದ ದಿಂಬು ಕೊಟ್ಟ, ಬಕೆಟ್ ತಂದ, ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿದ. ಯೋಚಿಸದೆಯೇ ಎಲ್ಲವೂ ಒಂದರ ಹಿಂದೆ ಒಂದು ಆಗುತ್ತಿತ್ತು. ಬಾಯಿ ಒರೆಸಿದ, ಕತ್ತು ಒರೆಸಿದ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಒರೆಸಿದ. ಎಂತ ಇಲ್ಲ ಮಾಂಯ್, ಎಂತ ಇಲ್ಲ, ನಾನಿದ್ದೇನೆ ಎಂದು ಹೇಳುತ್ತಿದ್ದ ದನಿ ತನ್ನದೇ ಎಂದು ಅವನಿಗೆ ತಡವಾಗಿ ಗೊತ್ತಾಯಿತು. ಅಷ್ಟು ಮೃದುವಾಗಿ ಮಾತಾಡಲು ತನಗೆ ಬರುತ್ತದೆಂದು ಅವನು ಮರೆತಿದ್ದ. ಮುದುಕಿಯ ತಲೆ ಅವನ ತೊಡೆಯ ಮೇಲಿತ್ತು. ಅವನಿಗೆ ಸುಖವಾಗಿತ್ತು. ಬೇರೆ ಮಾತಿನಲ್ಲಿ ಅದನ್ನು ಹೇಳುವಂತಿರಲಿಲ್ಲ.

ತಲೆಯೆತ್ತಿದಾಗ ಶರಲ್ ಬಾಗಿಲಲ್ಲಿ ನಿಂತಿದ್ದಳು, ಮೈಮೇಲೆ ಇನ್ನೂ ಕೋಟಿತ್ತು. ಎಷ್ಟು ಹೊತ್ತಿನಿಂದಲೋ. ಅವಳ ಹಿಂದಿನಿಂದ ವೆನಿಶಾ, "ವಾಟ್ಸ್ ರಾಂಗ್ ವಿತ್ ಗ್ರ್ಯಾನಿ?" ಎಂದಳು. ಶರಲ್ ಅವಳನ್ನು ಮಹಡಿಗೆ ಕಳಿಸಿ ಬಂದು, ಮೊಣಕಾಲೂರಿ ಅತ್ತೆಯ ನಾಡಿ ಹಿಡಿದು ನೋಡಿದಳು, ರೆಪ್ಪೆ ಬಿಡಿಸಿ ನೋಡಿದಳು. "ಮಲಗಿಸಿದ್ದು ಸರಿ ಉಂಟು," ಎಂದಳು, ವಾರ್ಡಿನಲ್ಲಿ ಹೇಳುವ ದನಿಯಲ್ಲಿ. ಆಮೇಲೆ ಬಾಟಲಿಯನ್ನು ನೋಡಿದಳು, ತಟ್ಟೆ ಮುಚ್ಚಿದ ಪಾತ್ರೆಯನ್ನು ನೋಡಿದಳು.

"ಬೆಳಿಗ್ಗೆ ಮಾಂಯ್ ಗಾಡಿಯಲ್ಲಿಡು ಅಂದ್ರು. ನಾನು ನಗಾಡಿದೆ."

ಅವನು ತಾಯಿಯ ಬೆನ್ನಿನ ದಿಂಬನ್ನು ಸರಿಮಾಡಿದ.

"ನನಗೆ ಗೊತ್ತಿರ್ಲಿಲ್ಲ. ನಿನಗೆ ಗೊತ್ತಿತ್ತು."

"ನಾನು ಹೇಳಿದ್ದೆ. ಭಾನುವಾರ ಹೇಳಿದ್ದೆ. ನೀನು ನಂಬಲಿಲ್ಲ." ಅವನ ದನಿಯಲ್ಲಿ ಗೆದ್ದವನ ಧಾಟಿಯಿತ್ತು, ಅದು ಅವನಿಗೂ ಕೇಳಿಸಿತು.

"ಈಗ ನಂಬಿದೆ," ಎಂದಳು ಶರಲ್.

ಇದೊಂದು ಮಾತಿಗಾಗಿ ಅವನು ಎಷ್ಟು ವರ್ಷ ಕಾದಿದ್ದ. ಬಂತು. ಒಳಗೆ ಏನಾದರೂ ಆಗುತ್ತದೆಂದು ಕಾದ, ಏನೂ ಆಗಲಿಲ್ಲ. ಅವನ ಕೈ ತನ್ನಷ್ಟಕ್ಕೆ ತಾಯಿಯ ಹಣೆಯಿಂದ ಕಿವಿಯವರೆಗೆ, ಮತ್ತೆ ಹಣೆಯಿಂದ ಕಿವಿಯವರೆಗೆ ಸವರುತ್ತಲೇ ಇತ್ತು. ಶರಲ್ ಆ ಕೈಯನ್ನು ನೋಡುತ್ತಿದ್ದಳು.

"ಇಷ್ಟು ಚಂದ ಮುಟ್ಟಲಿಕ್ಕೆ ಬರ್ತದೆ ನಿನಗೆ," ಎಂದಳು. "ಹತ್ತು ವರ್ಷ ನಾನು, ಪಾಪ ಇವನಿಗೆ ಬರುವುದಿಲ್ಲ, ಅಂತ ತಿಳ್ಕೊಂಡಿದ್ದೆ."

ಅವಳು ಎದ್ದು, ಕೋಟನ್ನು ಬಿಚ್ಚದೆ ಮೆಟ್ಟಿಲು ಹತ್ತಿದಳು. ಅವಳ ನಡಿಗೆಯಿಂದ ಅವನಿಗೆ ಎಲ್ಲ ತಿಳಿಯುತ್ತಿತ್ತು, ಅದೊಂದು ವಿದ್ಯೆ ಅವನಿಗೆ ಕರಗತ: ತಿರುವಿನ ಮೆಟ್ಟಿಲಿನಲ್ಲಿ ಅವಳು ನಿಂತಳು, ಈಗ ಹೆಸರು ಹಿಡಿದು ಕೂಗಿದರೆ ಇಳಿದು ಬರುತ್ತಾಳೆ. ಅವನು ಬಾಯಿ ತೆರೆದ. ತಾಯಿ ನರಳಿದಳು, ಅವನು ಅವಳ ಹಣೆಯನ್ನು ಅಂಗೈಯಿಂದ ಒತ್ತಿ ಹಿಡಿದ. ಮೆಟ್ಟಿಲಿನ ಸದ್ದು ಮತ್ತೆ ಮೇಲಕ್ಕೆ ಹೋಯಿತು, ಕೋಣೆಯ ಬಾಗಿಲು ಮುಚ್ಚಿಕೊಂಡಿತು, ಒಳಗಿನಿಂದ ಚಿಲಕ ಬಿತ್ತು. ಇದಕ್ಕೆ ತನಗೆ ದುಃಖವಾಗಬೇಕು ಎಂದು ಅವನು ಅಂದುಕೊಂಡ. ಅಷ್ಟರಲ್ಲಿ ತಾಯಿಗೆ ಇನ್ನೊಮ್ಮೆ ವಾಂತಿ ಬರುವಂತಿತ್ತು. ಅವನು ಬಕೆಟ್ಟನ್ನು ಹತ್ತಿರಕ್ಕೆ ಎಳೆದುಕೊಂಡ.